ಬಾಗಲಕೋಟೆ ಕಡೆಯಿಂದ ಕನ್ನಡ ಧಾರಾವಾಹಿ ನಟನೆಗೆ ಹೋಗಬೇಕೆಂದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿದರೆ ಹೀಗಿದೆ: ಬಾಗಲಕೋಟೆ ಜಿಲ್ಲೆಯವರು, ಡಿಗ್ರಿ ಮುಗಿದಿದೆ, ಜಾತ್ರೆ ನಾಟಕಗಳಲ್ಲಿ ಬಣ್ಣ ಹಚ್ಚಿದ್ದೀರಿ. ಧಾರಾವಾಹಿಗೆ ಹೋಗಲು ಈಗಲೇ ಬೆಂಗಳೂರಿಗೆ ಗಂಟುಮೂಟೆ ಕಟ್ಟಬೇಕೇ, ನಮ್ಮ ಭಾಗದ ಮಾತು ಅಡ್ಡ ಬರುತ್ತದೆಯೇ, ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?

ಗಂಟುಮೂಟೆ ಈಗಲೇ ಬೇಡ. ಮೊದಲು ಈ ಕೆಲಸದ ಲೆಕ್ಕ ಅರ್ಥ ಮಾಡಿಕೊಳ್ಳಿ. ಧಾರಾವಾಹಿ ತೋರಿಸುವ ದೊಡ್ಡ ಕನ್ನಡ ಚಾನೆಲ್ ನಾಲ್ಕು: ಉದಯ, ಕಲರ್ಸ್ ಕನ್ನಡ, ಝೀ ಕನ್ನಡ, ಸ್ಟಾರ್ ಸುವರ್ಣ. ಸಂಜೆ 6ರಿಂದ ರಾತ್ರಿ 10.30ರ ತನಕ ಅರ್ಧ ತಾಸಿನ ಒಂಬತ್ತು ಸ್ಲಾಟ್ ಎಂದು ಹಿಡಿದರೂ ನಾಲ್ಕೂ ಸೇರಿ 36. ಡಬ್ಬಿಂಗ್ ಧಾರಾವಾಹಿ, ಒಂದು ತಾಸಿನ ಧಾರಾವಾಹಿ, ರಿಯಾಲಿಟಿ ಶೋಗಳನ್ನು ಕಳೆಯಿರಿ. ಇಡೀ ರಾಜ್ಯದಲ್ಲಿ ಒಂದು ಹೊತ್ತಿಗೆ ನಾಯಕ, ನಾಯಕಿಯಾಗಿ ಇರುವವರು ಐವತ್ತು-ಅರವತ್ತು ಮಂದಿ ಆದಾರು. ಆದರೆ ಪ್ರತಿ ಧಾರಾವಾಹಿಯಲ್ಲೂ ಅಣ್ಣ, ಅತ್ತೆ, ಮಾವ, ಗೆಳೆಯ, ವಕೀಲ, ಖಳ ಎಂದು ಹತ್ತು-ಹದಿನೈದು ಪಾತ್ರ ಇದ್ದೇ ಇರುತ್ತವೆ. ಹೊಸಬರಿಗೆ ಬಾಗಿಲು ತೆಗೆಯುವುದು ಅಲ್ಲಿ. ನಾಯಕನ ಪಾತ್ರವೇ ಬೇಕು ಎಂದು ಕೂತವರು ಬಹಳ ಮಂದಿ ಕೂತಲ್ಲೇ ಇದ್ದಾರೆ.

ಇನ್ನು ಸೆಟ್ಟಿನ ದಿನ. ಜಾಹೀರಾತು ಕಳೆದರೆ ಒಂದು ಕಂತಿನಲ್ಲಿ ಕಥೆ 20ರಿಂದ 22 ನಿಮಿಷ. ವಾರಕ್ಕೆ ಐದೋ ಆರೋ ಕಂತು ಹೋಗಬೇಕು. ಹಾಗಾಗಿ ತಂಡ ದಿನಕ್ಕೆ ಹೆಚ್ಚು ಕಡಿಮೆ ಒಂದು ಕಂತನ್ನು ತೆಗೆದೇ ತೀರಬೇಕು. ಕಾಲ್‌ಶೀಟ್, ಅಂದರೆ ನಟರು ಸೆಟ್ಟಿನಲ್ಲಿ ಇರಬೇಕಾದ ಹೊತ್ತು, ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ರಾತ್ರಿ 9. ಮೇಕಪ್, ಊಟ, ಲೈಟಿಂಗ್, ಜಾಗ ಬದಲಿಸುವುದು ಇವನ್ನೆಲ್ಲ ಕಳೆದರೆ ಎರಡು-ಮೂರು ನಿಮಿಷದ ಒಂದು ದೃಶ್ಯಕ್ಕೆ ಸಿಗುವುದು ಒಂದು ತಾಸು. ಸ್ಕ್ರಿಪ್ಟ್ ಹಿಂದಿನ ರಾತ್ರಿ ಬಂದರೆ ಪುಣ್ಯ. ಎಷ್ಟೋ ಸಲ ಮೇಕಪ್ ಕುರ್ಚಿಯಲ್ಲಿ ಕೂತಾಗ ಫೋನಿಗೆ ಬರುತ್ತದೆ. ಎರಡು ಪುಟ ಮಾತನ್ನು ಹತ್ತು ನಿಮಿಷದಲ್ಲಿ ಬಾಯಿಗೆ ತಂದುಕೊಳ್ಳದಿದ್ದರೆ ನಟನೆ ಎಷ್ಟೇ ಚೆನ್ನಾಗಿರಲಿ, ಆ ತಂಡಕ್ಕೆ ನೀವು ಹೊರೆ. ಕೆಲವು ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಕೊಡುತ್ತಾರೆ, ಅಂದರೆ ಮಾತನ್ನು ಹೇಳಿಕೊಡುತ್ತಾರೆ. ಅದನ್ನೇ ನಂಬಿದರೆ ಕಣ್ಣು ಎದುರಿನ ಪಾತ್ರದ ಮೇಲಿರದೆ ದನಿ ಬಂದ ಕಡೆ ಓಡುತ್ತದೆ, ಮುಖವನ್ನಷ್ಟೇ ಹತ್ತಿರದಿಂದ ತೋರಿಸುವ ಕ್ಲೋಸ್‌ನಲ್ಲಿ ಅದು ಎದ್ದು ಕಾಣುತ್ತದೆ.

ಒಂದೇ ದೃಶ್ಯವನ್ನು ಮೊದಲು ಎಲ್ಲರೂ ಕಾಣುವ ಮಾಸ್ಟರ್‌ನಲ್ಲಿ, ಆಮೇಲೆ ಒಬ್ಬರ ಭುಜದ ಮೇಲಿಂದ ಎದುರಿನವರನ್ನು ತೋರಿಸುವ ಸಜೆಷನ್‌ನಲ್ಲಿ, ಆಮೇಲೆ ಕ್ಲೋಸ್‌ನಲ್ಲಿ, ಕೊನೆಗೆ ಬರೀ ರಿಯಾಕ್ಷನ್ ಎಂದು ಮತ್ತೆ ಮತ್ತೆ ತೆಗೆಯುತ್ತಾರೆ. ಮಾಸ್ಟರ್‌ನಲ್ಲಿ ಯಾವ ಮಾತಿಗೆ ಚಹಾದ ಕಪ್ ಎತ್ತಿದಿರೋ ಕ್ಲೋಸ್‌ನಲ್ಲೂ ಅದೇ ಮಾತಿಗೆ, ಅದೇ ಕೈಯಿಂದ ಎತ್ತಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಎರಡೂ ಕೂಡುವುದಿಲ್ಲ. ನೆಲಕ್ಕೆ ಹಚ್ಚಿದ ಟೇಪಿನ ಗುರುತಿನಿಂದ ಅರ್ಧ ಅಡಿ ಸರಿದರೂ ಫೋಕಸ್ ಹೋಗುತ್ತದೆ, ಇಲ್ಲವೇ ನಿಮ್ಮ ನೆರಳು ಎದುರಿನವರ ಮುಖದ ಮೇಲೆ ಬೀಳುತ್ತದೆ. ಕೆಳಗೆ ನೋಡದೆ ಗುರುತಿಗೆ ಬಂದು ನಿಲ್ಲುವುದನ್ನು ಮನೆಯಲ್ಲೇ ಹೆಜ್ಜೆ ಎಣಿಸಿ ರೂಢಿಸಿಕೊಳ್ಳಿ. ಎದುರಿನವರ ಮಾತು ಮುಗಿಯುವ ಮುಂಚೆ ನೀವು ಬಾಯಿ ಹಾಕಿದರೆ ಎರಡು ದನಿ ಒಂದೇ ಟ್ರ್ಯಾಕ್‌ನಲ್ಲಿ ಸೇರಿಕೊಂಡು ಆ ಶಾಟ್ ಕತ್ತರಿಸಲು ಬಾರದಾಗುತ್ತದೆ.

ಜಾತ್ರೆ ನಾಟಕದಿಂದ ಬಂದವರಿಗೆ ಇಲ್ಲೊಂದು ಅನುಕೂಲ, ಒಂದು ತೊಡಕು. ಪಾರಿಜಾತ, ಸಣ್ಣಾಟದಂಥ ಜಾನಪದ ಆಟ, ಕಂಪನಿ ನಾಟಕ ಕಂಡು ಬೆಳೆದವರಿಗೆ ಮಾತಿನ ನೆನಪು ಗಟ್ಟಿ, ಉಸಿರು ಉದ್ದ, ಎದುರಿನವರು ಮಾತು ಮರೆತರೆ ಸಾವರಿಸುವ ಚುರುಕೂ ಇರುತ್ತದೆ. ಇದು ಶಾಲೆಯಲ್ಲಿ ಲಗೂನ ಬರುವ ವಿದ್ಯೆಯಲ್ಲ. ತೊಡಕೆಂದರೆ ದನಿ. ಪೇಟಿ, ತಬಲಾ ಮೀರಿ ಕೊನೆಯ ಸಾಲಿಗೆ ಮುಟ್ಟುವಂತೆ ಎಸೆದ ದನಿ, ಎದೆಗೆ ಸಿಕ್ಕಿಸಿದ ಕಾಲರ್ ಮೈಕಿಗೆ ಒಡೆದು ಬೀಳುತ್ತದೆ. ಹುಬ್ಬು, ಕೈ, ಕತ್ತು ಮೂರೂ ಒಟ್ಟಿಗೆ ಆಡಿದರೆ ಕ್ಲೋಸ್‌ನಲ್ಲಿ ನಗೆಪಾಟಲು. ಮದ್ದು ಸರಳ: ಫೋನನ್ನು ಒಂದೂವರೆ ಮೀಟರ್ ದೂರದಲ್ಲಿ ಕಣ್ಣಿನ ಮಟ್ಟಕ್ಕೆ ಇಡಿ. ಹತ್ತು ಸಾಲಿನ ಒಂದೇ ಮಾತನ್ನು ಮೊದಲು ಬಯಲಲ್ಲಿ ಹೇಳಿದಂತೆ, ಆಮೇಲೆ ಪಡಸಾಲೆಯಲ್ಲಿ ಹೇಳಿದಂತೆ, ಕೊನೆಗೆ ಮಗ್ಗುಲಲ್ಲಿ ಕೂತವರಿಗೆ ಹೇಳಿದಂತೆ ರೆಕಾರ್ಡ್ ಮಾಡಿ. ಧಾರಾವಾಹಿಗೆ ಬೇಕಾದದ್ದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಳತೆ. ದನಿ ಇಳಿಸಿದಾಗ ಭಾವವೂ ಇಳಿದುಹೋಗುವುದು ಎಲ್ಲರಿಗೂ ಆಗುವ ತಪ್ಪು. ದನಿ ಇಳಿಯಲಿ, ಭಾವದ ಬಿಗಿ ಇಳಿಯಬಾರದು.

ಮಾತಿನ ಧಾಟಿಯ ವಿಷಯ. ಬಹುತೇಕ ಧಾರಾವಾಹಿಗಳ ಮಾತು ಬೆಂಗಳೂರು-ಮೈಸೂರು ಕಡೆಯದು. ಆಡಿಷನ್‌ನಲ್ಲಿ ಅದನ್ನೇ ಕೇಳುತ್ತಾರೆ. ಮನಿ, ಮ್ಯಾಲ, ಮಾಡಾಕತ್ತೀನಿ ಎನ್ನುವುದನ್ನು ಮನೆ, ಮೇಲೆ, ಮಾಡ್ತಾ ಇದೀನಿ ಎಂದು ಬದಲಿಸುವುದು ಹದಿನೈದು ದಿನದ ಕೆಲಸ. ಕಷ್ಟ ಇರುವುದು ರಾಗದಲ್ಲಿ. ವಾಕ್ಯದ ಕೊನೆಯನ್ನು ನಾವು ಎತ್ತಿ ಬಿಡುವ ರೀತಿ ಬೇರೆ, ಅವರು ಇಳಿಸುವ ರೀತಿ ಬೇರೆ. ಸಾಮಾನ್ಯ ಮಾತಿನಲ್ಲಿ ಹಿಡಿತ ಸಿಕ್ಕರೂ ಸಿಟ್ಟು, ಅಳುವಿನ ದೃಶ್ಯದಲ್ಲಿ ಹಳೆಯ ರಾಗ ಹಾಗೇ ಹೊರಬರುತ್ತದೆ. ಆದ್ದರಿಂದ ಅಭ್ಯಾಸವನ್ನು ಸಿಟ್ಟಿನ ಮಾತಿನಲ್ಲೇ ಮಾಡಿ. ಆದರೆ ಊರ ಮಾತನ್ನು ತೊಳೆದು ಹಾಕಬೇಡಿ. ಉತ್ತರ ಕರ್ನಾಟಕದ ಪಾತ್ರ, ಹಾಸ್ಯ ಕಾರ್ಯಕ್ರಮ ಬಂದಾಗ ಅದೇ ನಿಮ್ಮ ಬಂಡವಾಳ. ನಾಲ್ಕು ಸಲ ‘ಯಪ್ಪಾ’, ಐದು ಸಲ ‘ಲೇ’ ಸೇರಿಸಿದರೆ ನಮ್ಮ ಮಾತಾಯಿತು ಎಂದುಕೊಂಡ ನಟರನ್ನು ನೋಡಿ ನೋಡಿ ಸಾಕಾಗಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರರ ಮಾತಿಗೂ ನಡುವೆ ಇರುವ ವ್ಯತ್ಯಾಸ ಬಲ್ಲವರು ಸಿಕ್ಕರೆ ನಿರ್ದೇಶಕರು ಬಿಡುವುದಿಲ್ಲ. ಎರಡೂ ಧಾಟಿಯಲ್ಲಿ ಒಂದೊಂದು ವಿಡಿಯೊ ತಯಾರಿಡಿ.

ತರಬೇತಿ ಬೇಕೆಂದರೆ ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ರಂಗಶಾಲೆ, ಬೆಂಗಳೂರಿನ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇವುಗಳಲ್ಲಿ ಒಂದು ವರ್ಷದ ಕೋರ್ಸ್ ಇದೆ. ಹತ್ತಿರದಲ್ಲಿ ಧಾರವಾಡ ರಂಗಾಯಣದ ಶಿಬಿರ, ನಾಟಕಗಳ ಕಡೆ ಕಣ್ಣಿಡಿ. ಇವು ಮೈ, ದನಿ, ಓದು ಕೊಡುತ್ತವೆ. ಕ್ಯಾಮೆರಾ ಕೆಲಸ ಸೆಟ್ಟಿನಲ್ಲೇ ಕಲಿಯಬೇಕು. ದುಬಾರಿ ವೀಕೆಂಡ್ ಆ್ಯಕ್ಟಿಂಗ್ ಕ್ಲಾಸಿಗಿಂತ, ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬೀಡುಬಿಟ್ಟಾಗ ದಿನಾ ಒಂದು ನಾಟಕ ನೋಡಿ, ಒಂದೇ ಹಾಸ್ಯನಟ ಬೇರೆ ಬೇರೆ ದಿನ ಒಂದೇ ಮಾತಿಗೆ ನಗು ಎಬ್ಬಿಸುವ ಸಮಯ ಹೇಗೆ ಬದಲಿಸುತ್ತಾನೆ ಎಂದು ಗಮನಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಆಡಿಷನ್ ವಿಡಿಯೊ ಊರಿನಲ್ಲೇ ಕೂತು ಮಾಡಬಹುದು. ಫೋನಿನ ಹಿಂದಿನ ಕ್ಯಾಮೆರಾ, ಅಡ್ಡ ಹಿಡಿದು, 1080ಪಿ. ಹಿಂದೆ ತಿಳಿ ಬಣ್ಣದ ಬರೀ ಗೋಡೆ; ನೀವು ಗೋಡೆಯಿಂದ ಮೂರು ಅಡಿ ಮುಂದೆ. ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ, ಬೆನ್ನಿಗಲ್ಲ. ಮೊದಲು ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆ. ಆಮೇಲೆ ಎಡ-ಬಲ ಪ್ರೊಫೈಲ್, ಕೈಯ ಎರಡೂ ಬದಿ. ನಂತರ ಒಂದೊಂದು ನಿಮಿಷದ ಎರಡು ತುಣುಕು: ಒಂದು ತಣ್ಣಗಿನದು, ಒಂದು ಬಿಸಿಯದು. ಕಣ್ಣು ಲೆನ್ಸಿನ ಮಗ್ಗುಲಲ್ಲಿರಲಿ, ಲೆನ್ಸಿನೊಳಗಲ್ಲ. ಫ್ಯಾನ್ ಆರಿಸಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ. ಇಳಕಲ್, ಗುಳೇದಗುಡ್ಡ, ಬನಹಟ್ಟಿಯ ಮಗ್ಗದ ಓಣಿಗಳಲ್ಲಿದ್ದರೆ ಕೆಲಸ ನಿಂತ ಮೇಲೆ ರೆಕಾರ್ಡ್ ಮಾಡಿ. ಕಿವಿಗೆ ರೂಢಿಯಾದ ಲಟಪಟ ಮೈಕಿಗೆ ರೂಢಿಯಾಗಿರುವುದಿಲ್ಲ. ಬಟ್ಟೆ ಒಂದೇ ಬಣ್ಣದ್ದಿರಲಿ: ಅಚ್ಚ ಬಿಳಿ ಬೇಡ, ಸಣ್ಣ ಗೆರೆ, ಸಣ್ಣ ಚೌಕಳಿ, ರವಿಕೆ ಖಣದ ಒತ್ತಾದ ನೇಯ್ಗೆ ತೆರೆಯ ಮೇಲೆ ಅಲೆಯಂತೆ ಮಿನುಗಿ ಕಣ್ಣು ಕುಕ್ಕುತ್ತವೆ. ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ, ಲಿಂಕ್ ಯಾರು ಬೇಕಾದರೂ ತೆರೆಯುವಂತಿದೆಯೇ ಎಂದು ನೋಡಿಕೊಳ್ಳಿ. ಕಡತಕ್ಕೆ ಹೆಸರು, ವಯಸ್ಸು, ಫೋನ್ ಸಂಖ್ಯೆ ಇಡಿ. ಮೂರು ಫೋಟೊ ಸಾಕು, ಫಿಲ್ಟರ್ ಬೇಡವೇ ಬೇಡ. ಪಾತ್ರಕ್ಕೆ ಮುಖ ಒಪ್ಪುತ್ತದೆಯೇ ಎಂದು ನೋಡುವ ಲುಕ್ ಟೆಸ್ಟಿಗೆ ಹೋದಾಗ ಫೋಟೊದ ಮುಖ ಬೇರೆ, ಎದುರಿನ ಮುಖ ಬೇರೆ ಆದರೆ ಅಲ್ಲಿಗೇ ಮುಗಿಯಿತು.

ನೋಂದಣಿ ಶುಲ್ಕ, ಆರ್ಟಿಸ್ಟ್ ಕಾರ್ಡ್, ಪೋರ್ಟ್‌ಫೋಲಿಯೊ ನಮ್ಮಲ್ಲೇ ಮಾಡಿಸಬೇಕು ಎಂದು ಯಾರು ದುಡ್ಡು ಕೇಳಿದರೂ ಅದು ಮೋಸ. ಆಡಿಷನ್ ಕರೆಗಳನ್ನು ಚಾನೆಲ್‌ನ, ನಿರ್ಮಾಣ ಸಂಸ್ಥೆಯ ಅಧಿಕೃತ ಪುಟದಲ್ಲಿ ತಾಳೆ ನೋಡಿ. ಲಾಡ್ಜಿನಲ್ಲಿ, ರಾತ್ರಿ ಹೊತ್ತು ಆಡಿಷನ್ ಎಂದರೆ ಹೋಗಬೇಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆಂಗಳೂರಿಗೆ ಯಾವಾಗ? ಆರು ತಿಂಗಳು ಒಂದು ರೂಪಾಯಿ ದುಡಿಯದಿದ್ದರೂ ಬಾಡಿಗೆ, ಊಟ ನಡೆಯುವಷ್ಟು ಕೈಯಲ್ಲಿದ್ದಾಗ. ಅಲ್ಲಿಯವರೆಗೆ ಲುಕ್ ಟೆಸ್ಟ್ ಕರೆ ಬಂದರೆ ರಾತ್ರಿ ರೈಲು ಹತ್ತಿ ಹೋಗಿ ಬರಬಹುದು: ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್, ಬೆಳಗಾವಿಯವರಿಗೆ ರಾಣಿ ಚನ್ನಮ್ಮ. ಆದರೆ ಸಣ್ಣ ಪಾತ್ರಗಳಿಗೆ ಸಂಜೆ ಏಳಕ್ಕೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಅನ್ನುತ್ತಾರೆ. ಊರಲ್ಲಿದ್ದು ಎರಡು ಸಲ ಆಗುವುದಿಲ್ಲ ಎಂದರೆ ಮೂರನೆಯ ಸಲ ಫೋನ್ ಬರುವುದಿಲ್ಲ. ಒಂದು ಪಾತ್ರ ಖಚಿತವಾದ ಕೂಡಲೆ ಹೋಗಿ ನೆಲೆಸಿ. ರಾಜರಾಜೇಶ್ವರಿ ನಗರ, ನಾಗರಬಾವಿ, ಕೆಂಗೇರಿ ಕಡೆ ರೂಮು ನೋಡಿ. ಶೂಟಿಂಗ್ ಮನೆಗಳು ಆ ಭಾಗದಲ್ಲಿ ಹೆಚ್ಚು, ಕೆಂಗೇರಿಗೆ ಮೆಟ್ರೊ ಇದೆ. ಮಧ್ಯಾಹ್ನ ಅಥವಾ ರಾತ್ರಿ ಪಾಳಿಯ ಬೇರೆ ಕೆಲಸ ಹಿಡಿದರೆ ಕಾಲ್‌ಶೀಟಿಗೆ ಡಿಕ್ಕಿ ಹೊಡೆಯುತ್ತದೆ. ಮನೆಯಿಂದಲೇ ಮಾಡುವಂಥದ್ದು, ಡಬ್ಬಿಂಗ್, ಟ್ಯೂಷನ್ ಹೊಂದುತ್ತವೆ.

ದುಡ್ಡು ದಿನದ ಲೆಕ್ಕದಲ್ಲಿ. ಕೇವಲ ಲೆಕ್ಕಕ್ಕೆಂದು ದಿನಕ್ಕೆ 2,000 ಎಂದು ಹಿಡಿಯಿರಿ. ತಿಂಗಳಿಗೆ ಹತ್ತು ದಿನ ಕರೆದರೆ 20,000. ಅದರಲ್ಲಿ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ (ಟಿಡಿಎಸ್) ಶೇ 10, ಪಾತ್ರ ಕೊಡಿಸುವ ಕೋಆರ್ಡಿನೇಟರ್ ಇದ್ದರೆ ಅವರ ಕಮಿಷನ್, ಬಟ್ಟೆಯ ಖರ್ಚು ಹೋಗುತ್ತದೆ. ಪೋಷಕ ಪಾತ್ರದವರು ಎಷ್ಟೋ ಕಡೆ ಸ್ವಂತ ಬಟ್ಟೆ ತರಬೇಕು. ಕಥೆ ನಿಮ್ಮ ಪಾತ್ರದ ಕಡೆ ತಿರುಗದ ತಿಂಗಳು ಮೂರೇ ದಿನ ಕರೆದರೆ 6,000. ಹಾಗಾಗಿ ದಿನದ ದರಕ್ಕಿಂತ ಮೊದಲು ಕೇಳಬೇಕಾದದ್ದು ತಿಂಗಳಿಗೆ ಕನಿಷ್ಠ ಎಷ್ಟು ದಿನ ಖಾತ್ರಿ ಎಂದು. ಎರಡನೆಯದು, ಬಿಲ್ ಕೊಟ್ಟ ಎಷ್ಟು ದಿನಕ್ಕೆ ದುಡ್ಡು. ಎರಡು-ಮೂರು ತಿಂಗಳು ತಡವಾಗುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ದುಡಿದ ದಿನಾಂಕ, ದೃಶ್ಯ, ಬಂದ-ಹೋದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಬಿಲ್ಲಿನ ತಕರಾರಿಗೆ ಅದೇ ಸಾಕ್ಷಿ. ಪ್ಯಾನ್ ಕೊಡದಿದ್ದರೆ ಟಿಡಿಎಸ್ ಶೇ 20 ಕಡಿತವಾಗುತ್ತದೆ. ಕಡಿತವಾದದ್ದು ಆದಾಯ ಕಡಿಮೆ ಇದ್ದವರಿಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಬಹಳ ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ.

ಒಪ್ಪಂದದಲ್ಲಿ ಬೇರೆ ಚಾನೆಲ್‌ನಲ್ಲಿ ನಟಿಸುವಂತಿಲ್ಲ ಎಂಬ ಸಾಲು ಇದೆಯೇ ನೋಡಿ. ದೊಡ್ಡ ಪಾತ್ರಕ್ಕೆ ಅದು ನ್ಯಾಯ. ತಿಂಗಳಿಗೆ ಮೂರು ದಿನದ ಪಾತ್ರಕ್ಕೆ ಅದೇ ಷರತ್ತು ಹಾಕಿದರೆ ಸಹಿ ಹಾಕಬೇಡಿ. ಗಡ್ಡ, ಕೂದಲು ಕೇಳದೆ ಕತ್ತರಿಸಬಾರದು ಎಂಬುದು ಬರೆದಿರಲಿ ಬಿಡಲಿ, ಪಾಲಿಸಿ. ಊರ ಜಾತ್ರೆಗೆ ಹೋಗಿ ತಲೆ ಬೋಳಿಸಿಕೊಂಡು ಬಂದರೆ ಪಾತ್ರವೂ ಹೋಗುತ್ತದೆ.

ಆಯುಷ್ಯದ ಮಾತು. ಪ್ರತಿ ಗುರುವಾರ ಟಿಆರ್‌ಪಿ ರೇಟಿಂಗ್ ಬರುತ್ತದೆ. ಅದು ಕುಸಿದರೆ ಮೊದಲು ಕಥೆಯ ಟ್ರ್ಯಾಕ್ ತಿರುಗುತ್ತದೆ, ಆಮೇಲೆ ಸ್ಲಾಟ್ ಬದಲಾಗುತ್ತದೆ, ಆಮೇಲೆ ಧಾರಾವಾಹಿಯೇ ನಿಲ್ಲುತ್ತದೆ. ಸಾವಿರ ಕಂತು ಓಡಿದರೆ ಮೂರರಿಂದ ನಾಲ್ಕು ವರ್ಷ. ನೂರಕ್ಕೆ ನಿಂತರೆ ನಾಲ್ಕೈದೇ ತಿಂಗಳು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ದಿನಗೂಲಿ ನಟರಿಗೆ ಒಲೆ ಹೊತ್ತುವುದೇ ಕಷ್ಟವಾಯಿತು. 2021ರಲ್ಲಿ ಹಲವು ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು. ಹೋಗಲಾಗದವರ ಪಾತ್ರಗಳು ಕಥೆಯಲ್ಲಿ ಹಿಂದೆ ಸರಿದವು. ದೊಡ್ಡ ಪಾತ್ರ ಮುಗಿದ ಮೇಲೂ ಖಾಲಿ ತಿಂಗಳುಗಳು ಬರುತ್ತವೆ, ಏಕೆಂದರೆ ಜನ ನಿಮ್ಮನ್ನು ಇನ್ನೂ ಹಳೆಯ ಪಾತ್ರದ ಹೆಸರಿನಿಂದಲೇ ಕರೆಯುತ್ತಿರುತ್ತಾರೆ, ಚಾನೆಲ್ ಅದೇ ಮುಖವನ್ನು ಕೂಡಲೇ ಮತ್ತೊಂದು ಮನೆಯ ಮಗನನ್ನಾಗಿ ತೋರಿಸಲು ಹಿಂಜರಿಯುತ್ತದೆ.

ಆ ಖಾಲಿ ತಿಂಗಳಲ್ಲಿ ನಮ್ಮ ಭಾಗದವರಿಗೆ ಊರೇ ಆಧಾರ. ಮುಖ ಪರಿಚಯವಾದ ನಟರನ್ನು ಜಾತ್ರೆ ನಾಟಕಕ್ಕೆ ಅತಿಥಿ ಕಲಾವಿದರೆಂದು, ರಸಮಂಜರಿ, ಅಂಗಡಿ ಉದ್ಘಾಟನೆಗೆಂದು ಕರೆಯುತ್ತಾರೆ. ಮುಂಗಡ ಪಡೆಯದೆ ದಿನಾಂಕ ಕೊಡಬೇಡಿ, ಧಾರಾವಾಹಿಯ ಒಪ್ಪಂದ ಚಾಲ್ತಿಯಲ್ಲಿದ್ದರೆ ಚಾನೆಲ್ಲಿನ ಅನುಮತಿ ಪಡೆಯಿರಿ. ಗಡಿಭಾಗದ ಬೆಳಗಾವಿಯವರಿಗೆ ಮರಾಠಿಯೂ ಚೆನ್ನಾಗಿ ಬಂದರೆ ಇನ್ನೊಂದು ದಾರಿಯಿದೆ: ನೂರಾ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಕೊಲ್ಲಾಪುರದ ಕಡೆ ಮರಾಠಿ ಧಾರಾವಾಹಿಗಳ ಚಿತ್ರೀಕರಣ ನಡೆಯುತ್ತದೆ, ಅಲ್ಲಿ ಚಿತ್ರನಗರಿಯೂ ಇದೆ. ಅವರಿಗೆ ಕಳಿಸುವ ವಿಡಿಯೊವನ್ನು ಮರಾಠಿಯಲ್ಲೇ ಬೇರೆಯಾಗಿ ಮಾಡಿ, ಕನ್ನಡದ್ದನ್ನೇ ಕಳಿಸಬೇಡಿ.