ಮೊದಲ ಅನುಮಾನ ಟಿವಿಯ ಮೇಲೆ ಬೇಡ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮ ಮಾವನವರ ಕಾಲದ ಹೆಂಚಿನ ಮನೆಯಲ್ಲಿದ್ದೇನೆ. ಬೆಂಗಳೂರಿನಲ್ಲಿರುವ ಮಗ ಈ ಯುಗಾದಿಗೆ 43 ಇಂಚಿನ ಸ್ಮಾರ್ಟ್ ಟಿವಿ ಆನ್‌ಲೈನಿನಲ್ಲಿ ತರಿಸಿಕೊಟ್ಟ. ಫೈಬರ್ ಇಂಟರ್ನೆಟ್ ಇದೆ. ಅದರ ಪೆಟ್ಟಿಗೆ ಬೀದಿ ಕಡೆಯ ವರಾಂಡದಲ್ಲಿದೆ, ಟಿವಿ ನಡುಮನೆಯಲ್ಲಿದೆ. ಫೋನಿನಲ್ಲಿ ನಮ್ಮ ಮನೆಯ ವೈಫೈನ ಎರಡು ಹೆಸರು ಕಾಣುತ್ತವೆ. ಟಿವಿಯಲ್ಲಿ ಒಂದೇ, ಕೊನೆಯಲ್ಲಿ 5ಜಿ ಎಂದಿರುವುದು ಕಾಣುವುದೇ ಇಲ್ಲ. ಇನ್ನೊಂದಕ್ಕೆ ಪಾಸ್‌ವರ್ಡ್ ಕೊಟ್ಟರೆ ‘ಕನೆಕ್ಟೆಡ್, ನೋ ಇಂಟರ್ನೆಟ್’ ಎಂದು ಬರುತ್ತದೆ. ಅದೇ ಜಾಗದಲ್ಲಿ ಕೂತು ಫೋನಿನಲ್ಲಿ ಯೂಟ್ಯೂಬ್ ನೋಡಿದರೆ ಚೆನ್ನಾಗಿಯೇ ಬರುತ್ತದೆ. ಬಂದು ನೋಡಿದ ರಿಪೇರಿಯವರು ಬೋರ್ಡ್ ಬದಲಿಸಬೇಕು, 4,500 ರೂಪಾಯಿ ಆಗುತ್ತದೆ ಎಂದರು. ಮೊಣಕಾಲು ನೋವಿನಿಂದ ಜನಸಂದಣಿಗೆ ಹೋಗಲಾರೆ. ದಸರೆಯ ಹೊತ್ತಿಗಾದರೂ ಜಂಬೂ ಸವಾರಿಯನ್ನು ದೊಡ್ಡ ಪರದೆಯಲ್ಲಿ ನೋಡುವಂತಾದರೆ ಸಾಕು. ಬೋರ್ಡ್ ಹಾಕಿಸಲೇ?
— ಓದುಗರೊಬ್ಬರು, ಚಾಮರಾಜಪುರಂ, ಮೈಸೂರು

ಉತ್ತರ: ಬೇಡಿ ಅಮ್ಮಾ. ಆ ಹಣ ಕೊಡಬೇಡಿ, ಟಿವಿಯ ಹಿಂದಿನ ಮುಚ್ಚಳ ಬಿಚ್ಚಲೂ ಬಿಡಬೇಡಿ. ಯುಗಾದಿಗೆ ಬಂದ ಟಿವಿ ಅಂದಮೇಲೆ ವಾರಂಟಿ ಇನ್ನೂ ಇರಬೇಕು. ಹೊರಗಿನವರು ಬಿಚ್ಚಿದ್ದಾರೆಂದು ಗೊತ್ತಾದರೆ ಕಂಪನಿಯವರು ಕೈ ತೊಳೆದುಕೊಳ್ಳುತ್ತಾರೆ.

ಟಿವಿ ಕೆಟ್ಟಿಲ್ಲ ಎನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಪುರಾವೆ ಇದೆ. ವೈಫೈ ಹಿಡಿಯುವ ಭಾಗ ಹೋಗಿದ್ದರೆ ಟಿವಿಯಲ್ಲಿ ಒಂದು ಹೆಸರೂ ಕಾಣುತ್ತಿರಲಿಲ್ಲ. ನಿಮ್ಮದರಲ್ಲಿ ಹೆಸರು ಕಾಣುತ್ತಿದೆ, ಪಾಸ್‌ವರ್ಡ್ ಕೂಡ ಒಪ್ಪಿಗೆಯಾಗಿದೆ. ತೊಡಕಿರುವುದು ಅದರಿಂದಾಚೆ. ಪಿಕ್ಚರ್ ಟ್ಯೂಬಿನ ಕಾಲದಿಂದ ಟಿವಿ ರಿಪೇರಿ ಮಾಡಿಕೊಂಡು ಬಂದವನು ನಾನು. ವೈಫೈ ಬರುತ್ತಿಲ್ಲ ಎಂದು ಕರೆಸಿಕೊಂಡ ಮನೆಗಳಲ್ಲಿ ಹೆಚ್ಚಿನ ಕಡೆ ಟಿವಿ ನೆಟ್ಟಗೇ ಇರುತ್ತದೆ. ವಯಸ್ಸಾದವರಿರುವ ಮನೆಗೆ ಹೋಗಿ, ಒಂದು ಪರೀಕ್ಷೆಯನ್ನೂ ಮಾಡದೆ ‘ಬೋರ್ಡ್ ಹೋಗಿದೆ’ ಅಂದುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮೊದಲು ಆ ಎರಡು ಹೆಸರುಗಳ ವಿಚಾರ. ಈಗಿನ ರೌಟರ್‌ಗಳು, ಅಂದರೆ ನಿಮ್ಮ ವರಾಂಡದ ಪೆಟ್ಟಿಗೆಯಂಥವು, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ವೈಫೈ ಹರಡುತ್ತವೆ. ಹೆಸರಿನ ಕೊನೆಯ 5ಜಿ ಎಂದರೆ ಆ ಎರಡನೆಯದು. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಕಡಿಮೆ ಬೆಲೆಯ ಎಷ್ಟೋ ಟಿವಿಗಳಿಗೆ 2.4 ಮಾತ್ರ ಗೊತ್ತು. ಟಿವಿಯ ಜೊತೆ ಬಂದ ಪುಸ್ತಕದಲ್ಲಿ ವೈಫೈ ಎದುರಿಗೆ ‘802.11 ಬಿ/ಜಿ/ಎನ್’ ಎಂದಷ್ಟೇ ಇದ್ದರೆ ನಿಮ್ಮದೂ ಅದೇ ಜಾತಿ. ‘ಎಸಿ’ ಎಂದಿದ್ದರೆ 5 ಕೂಡ ಹಿಡಿಯಬೇಕು. ಹಿಡಿಯದಿದ್ದರೂ ಬೇಸರ ಮಾಡಿಕೊಳ್ಳಬೇಡಿ. ದಪ್ಪ ಗೋಡೆಯ ಮನೆಯಲ್ಲಿ ಒಳಗಿನವರೆಗೆ ಬರುವುದು 2.4 ಪಟ್ಟಿಯೇ. ಬೀದಿಯಲ್ಲಿ ದೇವರ ಮೆರವಣಿಗೆ ಹೋಗುವಾಗ ಒಳಮನೆಯಲ್ಲಿದ್ದವರಿಗೆ ಡೋಲು ಕೇಳಿಸುತ್ತದೆ, ನಾಗಸ್ವರ ಅಷ್ಟಾಗಿ ಕೇಳಿಸುವುದಿಲ್ಲ ಅಲ್ಲವೇ, ಹಾಗೆ.

ಇನ್ನು ‘ಫೋನಿನಲ್ಲಿ ಚೆನ್ನಾಗಿ ಬರುತ್ತದೆ’ ಎಂಬ ಮಾತು. ಎಲ್ಲರೂ ಇದನ್ನೇ ಹೇಳುತ್ತಾರೆ, ರಿಪೇರಿಯವರು ದಾರಿ ತಪ್ಪುವುದೂ ಇಲ್ಲೇ. ವೈಫೈ ಬಡಕಲಾದ ಕೂಡಲೇ ಫೋನು ಯಾರಿಗೂ ಹೇಳದೆ ಸಿಮ್ ಕಾರ್ಡಿನ ಡೇಟಾಗೆ ಜಾರಿಕೊಳ್ಳುತ್ತದೆ. ವಿಡಿಯೊ ಓಡುತ್ತಲೇ ಇರುತ್ತದೆ, ವೈಫೈನಿಂದಲೇ ಬರುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದ್ದರಿಂದ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಟಿವಿಗೆ ಕಾಣುವ ಹೆಸರನ್ನೇ ಫೋನಿನಲ್ಲೂ ಆರಿಸಿ, ಟಿವಿಯ ಪಕ್ಕದಲ್ಲೇ ನಿಂತು ಯೂಟ್ಯೂಬ್ ಹಾಕಿ. ಚಕ್ರ ಸುತ್ತುತ್ತಾ ನಿಂತರೆ ಟಿವಿಯನ್ನು ಬಿಡಿ, ವೈಫೈಯೇ ನಡುಮನೆಗೆ ತಲುಪುತ್ತಿಲ್ಲ. ವರಾಂಡಕ್ಕೆ ಹೋಗಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತರೂ ಬರದಿದ್ದರೆ ಲೈನಿನದೇ ತೊಂದರೆ. ಪೆಟ್ಟಿಗೆಯ ಮೇಲೆ ‘ಲಾಸ್’ ಎಂದು ಬರೆದಿರುವ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ.

ಮೊಬೈಲ್ ಡೇಟಾ ಆಫ್ ಮಾಡಿಯೂ ಫೋನಿನಲ್ಲಿ ಸರಾಗವಾಗಿ ಬಂತು ಅನ್ನಿ. ಆಗ ಟಿವಿಯ ತಾರೀಖು ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಡೇಟ್ ಅಂಡ್ ಟೈಮ್’ ಎಂದಿರುತ್ತದೆ. ಕರೆಂಟು ಹೋಗಿ ಬಂದಾಗ, ಸ್ವಿಚ್ಚನ್ನೇ ಆರಿಸಿ ಇಟ್ಟಾಗ ಕೆಲವು ಟಿವಿಗಳಲ್ಲಿ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಇಂಟರ್ನೆಟ್ಟಿನಲ್ಲಿ ಯೂಟ್ಯೂಬ್‌ನಂಥ ತಾಣಗಳು ತಾವು ಅಸಲಿ ಎಂದು ತೋರಿಸಲು ಒಂದು ಸರ್ಟಿಫಿಕೇಟ್ ಕೊಡುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಟಿವಿಯ ಲೆಕ್ಕದಲ್ಲಿ ಆ ದಿನ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ನಂಬುವುದಿಲ್ಲ, ‘ನೋ ಇಂಟರ್ನೆಟ್’ ಎನ್ನುತ್ತದೆ. ‘ಆಟೊಮ್ಯಾಟಿಕ್’ ಎಂದಿರುವುದನ್ನು ತೆಗೆದು ಇವತ್ತಿನ ತಾರೀಖು, ಗಂಟೆ ನೀವೇ ಹಾಕಿ. ಆಮೇಲೆ ರಿಮೋಟಿನಲ್ಲಲ್ಲ, ಗೋಡೆಯ ಸ್ವಿಚ್ಚಿನಲ್ಲೇ ಟಿವಿ ಆರಿಸಿ, ಒಂದೆರಡು ನಿಮಿಷ ಬಿಟ್ಟು ಹಾಕಿ. ಹೋದ ಬೇಸಿಗೆಯಲ್ಲಿ ಸರಸ್ವತಿಪುರಂನ ಒಂದು ಮನೆಯಲ್ಲಿ ಟಿವಿ 2018ರ ಜನವರಿಯಲ್ಲೇ ಕೂತಿತ್ತು. ತಾರೀಖು ತಿದ್ದುತ್ತಿದ್ದಂತೆ ಚಿತ್ರಗಳೆಲ್ಲ ಸಾಲಾಗಿ ಬಂದು ನಿಂತವು. ಮನೆಯವರು ಹೊಸ ಟಿವಿಗೆ ಆಗಲೇ ಬೆಲೆ ವಿಚಾರಿಸಿಟ್ಟಿದ್ದರು.

ತಾರೀಖೂ ಸರಿಯಾಗಿದೆ, ಆದರೂ ಬರುತ್ತಿಲ್ಲ ಎಂದಾದರೆ ಕೊನೆಯ ಪರೀಕ್ಷೆ. ಫೋನಿನ ಮೊಬೈಲ್ ಡೇಟಾ ಆನ್ ಮಾಡಿ, ಫೋನೇ ವೈಫೈ ಹರಡುವಂತೆ ಮಾಡುವ ಹಾಟ್‌ಸ್ಪಾಟ್ ಹಾಕಿ, ಟಿವಿಯನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ. ಹಾಟ್‌ಸ್ಪಾಟಿನ ಸೆಟ್ಟಿಂಗ್‌ನಲ್ಲಿ ‘ಬ್ಯಾಂಡ್’ ಎಂದಿರುವ ಕಡೆ 2.4 ಆರಿಸುವುದನ್ನು ಮರೆಯಬೇಡಿ. ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಒತ್ತಬೇಕು. ಇಲ್ಲವಾದರೆ ಟಿವಿಗೆ ಹಾಟ್‌ಸ್ಪಾಟಿನ ಹೆಸರೇ ಕಾಣದೆ ಹೋಗಬಹುದು. ಹಾಟ್‌ಸ್ಪಾಟಿನಲ್ಲಿ ಟಿವಿ ಓಡಿತೋ, ಬೋರ್ಡಿನ ಮಾತನ್ನು ಅಲ್ಲಿಗೇ ಬಿಡಿ. ಓಡಲಿಲ್ಲ ಎಂದಾದರೆ ಮಾತ್ರ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ವಾರಂಟಿಯಲ್ಲೇ ಮಾಡಿಕೊಡಬೇಕು.

ನಿಮ್ಮ ಮನೆಯ ವರ್ಣನೆ ಓದಿದ ಮೇಲೆ ನನ್ನ ಅನುಮಾನವೆಲ್ಲ ಗೋಡೆಯ ಮೇಲೇ. ಚಾಮರಾಜಪುರಂ, ಲಕ್ಷ್ಮೀಪುರಂ, ಅಗ್ರಹಾರದ ಕಡೆಯ ಹಳೆಯ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಟ್ಟಿಗೆ ಗಾರೆಯ ಗೋಡೆ, ಒಂದೊಂದು ಕಡೆ ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಮನೆ ತಂಪಾಗಿರುವುದು ಅದರಿಂದಲೇ, ವೈಫೈ ಒಳಗೆ ಬಾರದಿರುವುದೂ ಅದರಿಂದಲೇ. ವರಾಂಡದಿಂದ ನಡುಮನೆಗೆ ಬರಲು ಅಂಥ ಎರಡು ಗೋಡೆ ದಾಟಬೇಕು. ಸಾಲದ್ದಕ್ಕೆ ಲೈನ್ ಹಾಕಲು ಬಂದ ಹುಡುಗರು ಪೆಟ್ಟಿಗೆಯನ್ನು ತಮಗೆ ಸುಲಭವಾದ ಕಡೆ, ವೈರು ಒಳಬಂದ ತೂತಿನ ಪಕ್ಕದಲ್ಲೇ ಮೊಳೆ ಹೊಡೆದು ಹೋಗಿರುತ್ತಾರೆ. ಕಬ್ಬಿಣದ ಬೀರು, ನಿಲುಗನ್ನಡಿ, ಮೀನಿನ ತೊಟ್ಟಿ ದಾರಿಯಲ್ಲಿದ್ದರೆ ಇನ್ನೂ ಕಷ್ಟ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಕುಡಿದುಬಿಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ 2.4ರ ಸುತ್ತಮುತ್ತಲೇ ಕೆಲಸ ಮಾಡುವುದರಿಂದ, ಅದು ಓಡುವಷ್ಟು ಹೊತ್ತು ಟಿವಿ ತಡವರಿಸಬಹುದು.

ಇದಕ್ಕೆ ನಾನು ಹೇಳುವ ಮದ್ದು ಒಂದೇ: ಪೆಟ್ಟಿಗೆಯಿಂದ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್, ಅಂದರೆ ಇಂಟರ್ನೆಟ್ ಹಾಯಿಸುವ ವೈರು, ಎಳೆಸಿ. ಗೋಡೆಗೆ ಹೊಸ ತೂತು ಬೇಡ. ಹಳೇ ಗಾರೆಗೆ ಡ್ರಿಲ್ ಇಟ್ಟರೆ ಹಪ್ಪಳದಷ್ಟಗಲ ಉದುರುತ್ತದೆ, ಅದನ್ನು ಸರಿಯಾಗಿ ಮೆತ್ತುವ ಗಾರೆಯವರು ಈಗ ಸಿಗುವುದು ಅಪರೂಪ. ಹಿಂದೆ ಕೇಬಲ್ ಟಿವಿಗೆಂದು ಮಾಡಿದ ತೂತು ಇದ್ದೇ ಇರುತ್ತದೆ. ಇಲ್ಲದಿದ್ದರೆ ಬಾಗಿಲ ಚೌಕಟ್ಟಿನ ಮೇಲಿನ ಗವಾಕ್ಷಿಯಿಂದ ತಂದು, ಮರದ ಜಂತಿಯ ಪಕ್ಕದಲ್ಲೇ ಸಣ್ಣ ಕ್ಲಿಪ್ ಹೊಡೆದು ಇಳಿಸಬಹುದು. ಅಂಗಡಿಯಲ್ಲಿ ‘ಕ್ಯಾಟ್ 6’, ಪೂರ್ತಿ ತಾಮ್ರದ್ದು ಎಂದೇ ಕೇಳಿ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಮಾಲು ಬೇಡ. ಕರೆಂಟಿನ ವೈರು ಇರುವ ಪೈಪಿನೊಳಗೇ ಇದನ್ನೂ ತುರುಕಿಸಬೇಡಿ. ಈ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ನಿಮ್ಮ ಮನೆಗೆ ಅದರ ಕಾಲುಭಾಗವೂ ಬೇಕಾಗದು. ಹೆಚ್ಚಿನ ಟಿವಿಗಳ ಲ್ಯಾನ್ ಕಿಂಡಿಯ ವೇಗ 100 ಎಂಬಿಪಿಎಸ್‌ಗೆ ಸೀಮಿತ. ಅದು ಧಾರಾಳವಾಯಿತು: ಎಚ್‌ಡಿಗೆ 5, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಸಾಕೆಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಕೇಬಲ್ ಚುಚ್ಚಿದ ಮೇಲೆ ಪಾಸ್‌ವರ್ಡ್ ಕೂಡ ಬೇಡ. ಕೆಲವು ಟಿವಿಗಳಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲ, ಹಿಂದೆ ಒಮ್ಮೆ ಬಗ್ಗಿ ನೋಡಿಸಿ. ಇಲ್ಲವಾದರೆ ಅದೇ ಕೇಬಲನ್ನು ನಡುಮನೆಗೆ ತಂದು ಅಲ್ಲೊಂದು ಸಣ್ಣ ರೌಟರ್ ಇಡಿಸಿದರಾಯಿತು. ಎಲ್ಲ ಸೇರಿದರೂ ಬೋರ್ಡಿಗೆ ಕೇಳಿದ ಹಣದಷ್ಟಾಗದು.

ವಿಜಯದಶಮಿಯ ದಿನಕ್ಕೆ ಇನ್ನೊಂದು ಮಾತು. ಜಂಬೂ ಸವಾರಿಯನ್ನು ದೂರದರ್ಶನ ಚಂದನ ನೇರಪ್ರಸಾರ ಮಾಡುತ್ತದೆ. ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಸಿಗುತ್ತದೆ, ಅದಕ್ಕೆ ತಿಂಗಳ ಬಾಡಿಗೆ ಇಲ್ಲ, ಇಂಟರ್ನೆಟ್ಟಿನ ಹಂಗೂ ಇಲ್ಲ. ಮನೆಯ ಮೇಲೆ ಹಳೇ ಡಿಶ್ ಇದ್ದರೆ ಕಿತ್ತು ಗುಜರಿಗೆ ಹಾಕಿಸಬೇಡಿ, ದಿಕ್ಕು ಸರಿಪಡಿಸಿ ಇಟ್ಟುಕೊಳ್ಳಿ. ಅಂಬಾರಿ ಅರಮನೆ ಬಿಡುವ ಹೊತ್ತಿಗೆ ಇಂಟರ್ನೆಟ್ ಕೈಕೊಟ್ಟರೂ ನಿಮಗೆ ತಪ್ಪಬಾರದು.

ಪ್ರಶ್ನೆ: ಸರ್, ಮಂಡ್ಯದ ಸುಭಾಷ್ ನಗರದಲ್ಲಿ ನಮ್ಮ ಮನೆ. ನಮ್ಮದು 2016ರ ಸ್ಮಾರ್ಟ್ ಟಿವಿ, ಇಷ್ಟು ದಿನ ಚೆನ್ನಾಗಿಯೇ ಓಡುತ್ತಿತ್ತು. ಇಂಟರ್ನೆಟ್‌ನವರು ಹೊಸ ರೌಟರ್ ಹಾಕಿಕೊಟ್ಟ ದಿನದಿಂದ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಸೇರುತ್ತಿಲ್ಲ. ಟಿವಿ ಹಳೆಯದಾಯಿತು, ಬಿಸಾಕಿ ಅಂತಾರೆ.
— ಓದುಗರು, ಮಂಡ್ಯ

ಉತ್ತರ: ಬಿಸಾಕಬೇಡಿ. ವೈಫೈಗೆ ಬೀಗದಂತಿರುವ ಡಬ್ಲ್ಯುಪಿಎ3 ಎಂಬ ಭದ್ರತೆ ಬಂದದ್ದು 2018ರಲ್ಲಿ. ನಿಮ್ಮ ಟಿವಿ ಅದಕ್ಕಿಂತ ಹಿಂದಿನದು, ಅದಕ್ಕೆ ಗೊತ್ತಿರುವುದು ಡಬ್ಲ್ಯುಪಿಎ2. ಹೊಸ ರೌಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಇಟ್ಟಿದ್ದರೆ ಪಾಸ್‌ವರ್ಡ್ ಎಷ್ಟು ಸರಿ ಇದ್ದರೂ ಟಿವಿ ಸೇರುವುದಿಲ್ಲ. ಫೋನನ್ನು ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ ರೌಟರಿನ ವಿಳಾಸ ಹೊಡೆಯಿರಿ. ಬಹುಪಾಲು 192.168.1.1 ಇರುತ್ತದೆ; ಸರಿಯಾದ ವಿಳಾಸವೂ ಲಾಗಿನ್ನೂ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತವೆ. 2.4ರ ಸೆಕ್ಯೂರಿಟಿಯಲ್ಲಿ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎರಡೂ ಇರುವುದನ್ನು ಆರಿಸಿ. ‘ಓಪನ್’ ಮಾತ್ರ ಮಾಡಬೇಡಿ, ಬೀದಿಗೆಲ್ಲ ಬಾಗಿಲು ತೆರೆದಿಟ್ಟ ಹಾಗೇ ಸರಿ. ಅಲ್ಲೇ ಚಾನೆಲ್ ಎಂದಿರುವ ಕಡೆ 12 ಅಥವಾ 13 ಇದ್ದರೆ ಅದನ್ನೂ 1, 6, 11ರಲ್ಲಿ ಒಂದಕ್ಕೆ ಬದಲಿಸಿ, ಕೆಲವು ಟಿವಿಗಳಿಗೆ ಆ ಮೇಲಿನವು ಕಾಣವು. ಆಮೇಲೆ ಟಿವಿಯಲ್ಲಿ ಹಳೇ ಹೆಸರಿಗೆ ‘ಫರ್ಗೆಟ್’ ಕೊಟ್ಟು ಹೊಸದಾಗಿ ಸೇರಿಸಿ. ಪಾಸ್‌ವರ್ಡ್ ಹಾಕುವಾಗ ‘ಶೋ ಪಾಸ್‌ವರ್ಡ್’ ಒತ್ತಿಕೊಳ್ಳಿ. ರಿಮೋಟಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾಗುವುದು, ಸೊನ್ನೆಗೆ ‘ಓ’ ಬೀಳುವುದು ದಿನನಿತ್ಯದ ಕಥೆ.

ವೈಫೈ ಸೇರಿಯೂ ಕೆಲವು ಆಪ್‌ಗಳು ತೆರೆಯದಿದ್ದರೆ, ಅಷ್ಟು ಹಳೆಯ ಟಿವಿಗೆ ಆಪ್‌ನವರೇ ಬೆಂಬಲ ನಿಲ್ಲಿಸಿರಬಹುದು. ಟಿವಿಯ ಎಚ್‌ಡಿಎಂಐ ಕಿಂಡಿಗೆ ಚುಚ್ಚುವ, ಆಪ್‌ಗಳನ್ನು ತಾನೇ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್ ಒಂದು ತನ್ನಿ. ಚಿತ್ರ ಚೆನ್ನಾಗಿರುವ ಟಿವಿ ಅದರಿಂದ ಇನ್ನೂ ಕೆಲವು ವರ್ಷ ನಡೆಯುತ್ತದೆ. ಕಂಪ್ಯೂಟರಿನ ಯುಎಸ್‌ಬಿ ವೈಫೈ ಡಾಂಗಲ್ ತಂದು ಚುಚ್ಚಿದರೆ ಮಾತ್ರ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಹಳ್ಳಿ ನಮ್ಮದು, ಫೈಬರ್ ಬಂದಿಲ್ಲ. ಮಗನ ಫೋನಿನ ಹಾಟ್‌ಸ್ಪಾಟಿನಲ್ಲಿ ಟಿವಿ ನೋಡುತ್ತೇವೆ. ರಾತ್ರಿ ಊಟದ ಹೊತ್ತಿಗೇ ದಿನದ ಡೇಟಾ ಮುಗಿದುಹೋಗುತ್ತದೆ. ಯಾಕಣ್ಣ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಪರದೆ ದೊಡ್ಡದಾದಂತೆ ಟಿವಿ ತಾನಾಗೇ ಒಳ್ಳೆಯ ಗುಣಮಟ್ಟದ ಚಿತ್ರ ಕೇಳುತ್ತದೆ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿವರೆಗೂ ಖರ್ಚಾಗಬಹುದು. ದಿನಕ್ಕೆ 2 ಜಿಬಿ ಪ್ಯಾಕು ಅದಕ್ಕೆಲ್ಲಿ ಸಾಲುತ್ತದೆ? ಯೂಟ್ಯೂಬಿನಲ್ಲಿ ವಿಡಿಯೊ ಓಡುವಾಗ ಗೇರ್ ಗುರುತು ಒತ್ತಿ, ಗುಣಮಟ್ಟವನ್ನು 480ಕ್ಕೆ ಇಳಿಸಿ. ಆಗ ಗಂಟೆಗೆ 1 ಜಿಬಿಯೊಳಗೇ ಮುಗಿಯುತ್ತದೆ, ವಾರ್ತೆ ಹರಿಕಥೆಗೆ ಅದು ಏನೂ ಕಡಿಮೆಯಲ್ಲ. ‘ಆಟೊಪ್ಲೇ’ ತೆಗೆದುಹಾಕಿ. ಟಿವಿಯ ಆಪ್ ಸ್ಟೋರಿನಲ್ಲಿ ತಾನಾಗೇ ಅಪ್‌ಡೇಟ್ ಆಗುವುದನ್ನೂ ನಿಲ್ಲಿಸಿ. ರಿಮೋಟಿನಲ್ಲಿ ಆರಿಸಿದ ಮೇಲೂ ಟಿವಿ ಒಳಗೊಳಗೇ ಡೇಟಾ ಎಳೆಯುತ್ತಿರಬಹುದು, ಆದ್ದರಿಂದ ನೋಡಿ ಮುಗಿದ ಕೂಡಲೇ ಮಗನಿಗೆ ಹೇಳಿ ಹಾಟ್‌ಸ್ಪಾಟನ್ನೂ ಆರಿಸಿಬಿಡಿ.