ಶ್ವಾಸಕೋಶದಲ್ಲಿ ಹೈಡಾಟಿಡ್ ಸಿಸ್ಟ್ ಇದೆಯಂತೆ. ಆಪರೇಷನ್ ಬದಲು ಸೂಜಿಯಿಂದ ನೀರು ತೆಗೆಸಬಹುದೇ?

ದಯವಿಟ್ಟು ಸೂಜಿ ಹಾಕಿಸಬೇಡಿ. ಹೈಡಾಟಿಡ್ ಸಿಸ್ಟ್ ಎಂದರೆ ನಾಯಿಯ ಲಾಡಿಹುಳುವಿನ ಮರಿಯಿಂದ ಬೆಳೆಯುವ ನೀರುಗುಳ್ಳೆ. ತೀರ್ಥಹಳ್ಳಿಯಲ್ಲಿರುವ ನಿಮ್ಮ ಅಮ್ಮನಿಗೆ ಒಣಕೆಮ್ಮು, ಬಲ ಶ್ವಾಸಕೋಶದ ಕೆಳಭಾಗದಲ್ಲಿ 7 ಸೆಂ.ಮೀ. ಗುಳ್ಳೆ, ಹೈಡಾಟಿಡ್ ಇರಬಹುದೆಂದು ಸಿಟಿ ವರದಿ ಬಂದಿದೆ ಎಂದು ಬರೆದಿದ್ದೀರಿ. ಸೂಜಿ ಚಿಕಿತ್ಸೆ ಇರುವುದು ಯಕೃತ್ತಿನ ಗುಳ್ಳೆಗೆ, ಶ್ವಾಸಕೋಶಕ್ಕೆ ಅದು ಸಲ್ಲದು. ಗುಳ್ಳೆಯ ನೀರು ಒತ್ತಡದಲ್ಲಿರುತ್ತದೆ, ಅದರಲ್ಲಿ ಲಾಡಿಹುಳುವಿನ ಮರಿಗಳಿರುತ್ತವೆ. ಅದು ಎದೆಯೊಳಗೆ ಸೋರಿದರೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯಬಹುದು, ಚೆಲ್ಲಿದಲ್ಲಿ ಹೊಸ ಗುಳ್ಳೆಗಳು ಬೆಳೆಯಬಹುದು.

ಮೊದಲು ಇದು ಹೈಡಾಟಿಡ್ ಹೌದೋ ಎಂದು ಖಚಿತವಾಗಲಿ. ಎದೆಯ ನೀರುಗುಳ್ಳೆಗಳೆಲ್ಲ ಹುಳುವಿನವಲ್ಲ. ಹೃದಯದ ಪಕ್ಕ, ವಪೆಯ ಮೇಲೆ ಕೂತ ಪೆರಿಕಾರ್ಡಿಯಲ್ ಸಿಸ್ಟ್ ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಹಾಗೇ ಬಿಟ್ಟು ಗಮನಿಸುತ್ತಾರೆ. ಶ್ವಾಸನಾಳ ಕವಲೊಡೆಯುವಲ್ಲಿ ಇರುವುದು ಹುಟ್ಟಿನಿಂದ ಬಂದ ಬ್ರಾಂಕೋಜೆನಿಕ್ ಸಿಸ್ಟ್ ಆಗಿರಬಹುದು. ಎಲೈಸಾ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಹೈಡಾಟಿಡ್ ಅಲ್ಲವೆಂದು ಹೇಳಲಾಗದು. ಒಡೆಯದ ಶ್ವಾಸಕೋಶದ ಗುಳ್ಳೆಯಲ್ಲಿ ಹಾಗಾಗುವುದು ಹೆಚ್ಚು. ಹೊಟ್ಟೆಯ ಅಲ್ಟ್ರಾಸೌಂಡ್ ಮಾತ್ರ ತಪ್ಪಿಸಬೇಡಿ, ಯಕೃತ್ತಿನಲ್ಲೂ ಗುಳ್ಳೆಯಿದ್ದರೆ ಆಪರೇಷನ್ನಿನ ಯೋಜನೆಯೇ ಬದಲಾಗುತ್ತದೆ. ಒಡೆದ ಗುಳ್ಳೆಯಿಂದ ಜ್ವರ, ಕಫದಲ್ಲಿ ರಕ್ತ ಬಂದು ಕ್ಷಯದಂತೆ ಕಾಣುವುದರಿಂದ ಕಫ ಪರೀಕ್ಷೆಯೂ ಆಗಲಿ. ಅಮ್ಮನಿಗೆ ಇದ್ದಕ್ಕಿದ್ದಂತೆ ಉಪ್ಪುಪ್ಪಾದ ನೀರು, ಬಿಳಿ ಪೊರೆಯ ಚೂರು ಕೆಮ್ಮಿನಲ್ಲಿ ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ.

ಮಾತ್ರೆಯೊಂದರಿಂದಲೇ 7 ಸೆಂ.ಮೀ. ಗುಳ್ಳೆ ಹೋಗುತ್ತದೆಂದು ನಂಬಿ ಕೂರಬೇಡಿ. ದೊಡ್ಡ ಗುಳ್ಳೆಗೆ ಆಪರೇಷನ್‌ಗೆ ಮೊದಲೇ ಅಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆ ಕೊಟ್ಟರೆ ಪೊರೆ ದುರ್ಬಲವಾಗಿ ಒಡೆಯುವ ಭಯವಿದೆ, ಆದ್ದರಿಂದ ಅಂಗಡಿಯಿಂದ ತಂದು ಶುರುಮಾಡಬೇಡಿ. ಆಪರೇಷನ್ ನಂತರ ಸಾಮಾನ್ಯವಾಗಿ 400 ಮಿ.ಗ್ರಾಂ. ದಿನಕ್ಕೆರಡು ಬಾರಿ, ಕೆಲವು ತಿಂಗಳು ಕೊಡುತ್ತಾರೆ. ತುಪ್ಪ, ಎಣ್ಣೆಯಿರುವ ಊಟದ ಜೊತೆ ತೆಗೆದುಕೊಂಡರೇ ಅದು ಸರಿಯಾಗಿ ರಕ್ತಕ್ಕೆ ಸೇರುವುದು. 2 ವಾರಕ್ಕೊಮ್ಮೆ ಯಕೃತ್ತಿನ ಪರೀಕ್ಷೆ, ಬಿಳಿ ರಕ್ತಕಣಗಳ ಎಣಿಕೆ ಬೇಕು.

ಆಪರೇಷನ್‌ನಲ್ಲೂ ಸೂಜಿ ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ಬಳಸುತ್ತಾರೆ, ಆದರೆ ಅದಕ್ಕೆ ಮೊದಲಿನ ತಯಾರಿಯೇ ಬೇರೆ. ಎರಡು ದಾರಿಯ ಕೊಳವೆ ಹಾಕಿ ಎರಡೂ ಶ್ವಾಸಕೋಶಗಳನ್ನು ಪ್ರತ್ಯೇಕಿಸಿರುತ್ತಾರೆ, ಒಡೆದರೂ ನೀರು ಒಳ್ಳೆಯ ಕಡೆಗೆ ಹರಿಯದಿರಲಿ ಎಂದು. ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಯಳತೆಯಲ್ಲೇ ಇರುತ್ತದೆ. ಪಕ್ಕೆಲುಬುಗಳ ನಡುವೆ ತೆರೆದು, ಗುಳ್ಳೆಯ ಸುತ್ತ ಗಾಢ ಉಪ್ಪುನೀರಿನಲ್ಲೋ ಪೊವಿಡೋನ್ ಅಯೋಡಿನ್‌ನಲ್ಲೋ ನೆನೆಸಿದ ಬಟ್ಟೆ ಒತ್ತಾಗಿ ಇಟ್ಟ ಮೇಲೆಯೇ ನೀರು ಹೀರಿ, ಬಿಳಿ ಪೊರೆಯನ್ನು ಪೂರ್ತಿ ತೆಗೆಯುತ್ತಾರೆ. ಹುಳು ಕೊಲ್ಲುವ ಈ ದ್ರವವನ್ನು ಗುಳ್ಳೆಯೊಳಗೇ ತುಂಬುವುದು ಅಪಾಯ, ಶ್ವಾಸನಾಳದ ಬಾಯಿ ತೆರೆದಿದ್ದರೆ ಅದು ಉಸಿರಿನ ದಾರಿಗೆ ಇಳಿಯುತ್ತದೆ.

ನನ್ನ ಮಟ್ಟಿಗೆ ನಿಜವಾದ ಕೈಚಳಕ ಇರುವುದು ಇದಾದ ಮೇಲೆ. ಖಾಲಿಯಾದ ಕುಳಿಯ ಗೋಡೆಯಲ್ಲಿ ಸಣ್ಣ ಶ್ವಾಸನಾಳಗಳ ಬಾಯಿಗಳಿರುತ್ತವೆ. ಸಲೈನ್ ತುಂಬಿ, ಅರಿವಳಿಕೆ ವೈದ್ಯರು ಗಾಳಿ ಊದಿದಾಗ ಎಲ್ಲಿ ಗಾಳಿಗುಳ್ಳೆ ಏಳುತ್ತದೋ ಅಲ್ಲೆಲ್ಲ ಹೊಲಿಗೆ ಹಾಕಬೇಕು. ಒಂದು ಉಳಿದರೂ ಗಾಳಿ ಸೋರುತ್ತ ಎದೆಯ ಡ್ರೇನ್ (ಗಾಳಿ, ನೀರು ಹೊರಹಾಕಲು ಇಟ್ಟ ಕೊಳವೆ) ಬಹಳ ದಿನ ಉಳಿಯಬಹುದು, ಕೀವಾಗಬಹುದು. ಶ್ವಾಸಕೋಶದ ಭಾಗವನ್ನೇ ಕತ್ತರಿಸುವುದು ಅದು ಪೂರ್ತಿ ಹಾಳಾಗಿದ್ದರೆ ಮಾತ್ರ; ಒತ್ತಿ ಕುಗ್ಗಿದ್ದ ಭಾಗ ಬಹಳಷ್ಟು ಸಲ ಮತ್ತೆ ಅರಳುತ್ತದೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ರೆಫರಲ್ ಪತ್ರವನ್ನೂ ಕೇಳಿ. ಆಯುಷ್ಮಾನ್ ಯೋಜನೆಯಲ್ಲಿ ಬೇರೆಡೆ ಹೋಗುವುದಾದರೆ ಅದು ಬೇಕಾಗುತ್ತದೆ. ಮಣಿಪಾಲಕ್ಕೋ ಬೆಂಗಳೂರಿಗೋ ಎಲ್ಲಿಗೇ ಹೋದರೂ ಎದೆಯ ಶಸ್ತ್ರಚಿಕಿತ್ಸಕರು, ಒಂದೇ ಶ್ವಾಸಕೋಶ ಉಸಿರಾಡಿಸಿ ಅರಿವಳಿಕೆ ಕೊಡುವ ವ್ಯವಸ್ಥೆ ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಇದು ಅಮ್ಮನಿಂದ ನಿಮಗೆ ಅಂಟುವುದಿಲ್ಲ. ಬರುವುದು ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ. ನಾಯಿಗೆ ಹಸಿ ಕುರಿ, ದನದ ಈಲಿ (ಯಕೃತ್ತು), ಕರುಳು ಹಾಕಬೇಡಿ, ಪಶುವೈದ್ಯರಿಂದ ಲಾಡಿಹುಳುವಿನ ಔಷಧ ಪ್ರಾಜಿಕ್ವಾಂಟೆಲ್ ಕೊಡಿಸಿ. ಹಿತ್ತಿಲಿನಿಂದ ಕಿತ್ತ ಒಂದೆಲಗವನ್ನು ಹಸಿಯಾಗಿಯೇ ತಂಬುಳಿಗೆ ರುಬ್ಬುವುದಾದರೆ ಹರಿಯುವ ನೀರಿನಲ್ಲಿ ಒಂದೊಂದೇ ಎಲೆ ತೊಳೆಯಿರಿ. ಮನೆಯ ಉಳಿದವರಿಗೂ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ ಮಾಡಿಸುವುದು ಒಳ್ಳೆಯದು.