ಅದರಲ್ಲಿ ಮೆಣಸೂ ಇಲ್ಲ, ಮೇಷ್ಟ್ರೇ

ಪತ್ರ: ಕಳೆದ ಸಂಚಿಕೆಯಲ್ಲಿ ಬಾಲ್ಯದ ತಿನಿಸುಗಳ ಲೇಖನ ಓದಿದೆ. ನಿಂಬೆಹುಳಿ, ಕಿಸ್ಮಿ, ಪಾನ್ ಪಸಂದ್, ರೋಲಾ ಕೋಲಾ ಎಲ್ಲವನ್ನೂ ‘ಪೆಪ್ಪರ್‌ಮೆಂಟು’ ಎಂದು ಕರೆದಿದ್ದೀರಿ. ಪೆಪ್ಪರ್‌ಮಿಂಟ್ ಎಂಬುದು ಪುದೀನ ಜಾತಿಯ ಒಂದು ಗಿಡ. ಇವುಗಳಲ್ಲಿ ಯಾವುದರಲ್ಲೂ ಅದಿಲ್ಲ. ‘ಕ್ಯಾಂಡಿ’ ಎಂದು ಬರೆಯುವುದು ಸರಿ. ಅಲ್ಲದೆ, ಹಲ್ಲು ಹಾಳು ಮಾಡಿದ ಸಕ್ಕರೆ ಗೋಲಿಗಳು ಮರೆಯಾದರೆ ಇಷ್ಟೊಂದು ಕಣ್ಣೀರು ಯಾಕೆ?
— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು, ತುಮಕೂರು

ಉತ್ತರ: ಮೇಷ್ಟ್ರೇ, ಗಿಡದ ಮಾತು ಸರಿ. ಹಲ್ಲಿನ ಮಾತೂ ಸರಿ. ನನ್ನ ಎಡಗಡೆಯ ಎರಡು ದವಡೆ ಹಲ್ಲು ಇದ್ದಿದ್ದರೆ ಅವೇ ಸಾಕ್ಷಿ ಹೇಳುತ್ತಿದ್ದವು. ಇಷ್ಟು ಒಪ್ಪಿಕೊಂಡೆ. ಈಗ ಜಗಳಕ್ಕೆ ಬರೋಣ.

ಪೆಪ್ಪರ್‌ಮೆಂಟಿನಲ್ಲಿ ಮಿಂಟ್ ಇಲ್ಲ ಅನ್ನುತ್ತೀರಿ. ಇಂಗ್ಲಿಷಿನವರ ಪೆಪ್ಪರ್‌ಮಿಂಟಿನಲ್ಲಿ ಪೆಪ್ಪರ್ ಎಲ್ಲಿದೆ? ಒಂದು ಕಾಳು ಮೆಣಸೂ ಇಲ್ಲ. ಬಾಯಿಗೆ ಚುರುಕ್ ಅಂದಿತು, ಮೆಣಸು ಅಂದರು, ಅಷ್ಟೇ. ಆ ಗಿಡವೋ, ಎರಡು ಬೇರೆ ಬೇರೆ ಪುದೀನಗಳು ಕೂಡಿ ಹುಟ್ಟಿದ ಬೆರಕೆ. ಅದರೊಳಗಿನ ಮೆಂಥಾಲ್ ಏನು ಮಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ನಾಲಿಗೆ ತಣ್ಣಗಾಗಿರುವುದಿಲ್ಲ. ಚಳಿಯ ಸುದ್ದಿ ಒಯ್ಯುವ ನರಕ್ಕೆ ಮೆಂಥಾಲ್ ಸುಳ್ಳು ಹೇಳಿ ಕಳಿಸುತ್ತದೆ, ನಾವು ‘ಆಹಾ ತಂಪು’ ಅನ್ನುತ್ತೇವೆ. ಇಷ್ಟೆಲ್ಲ ಸುಳ್ಳು ನಡೆಯುವ ಕಡೆ ನಮ್ಮಜ್ಜಿಯ ‘ಪೆಪ್ಪರ್‌ಮೆಂಟು’ ಅನ್ನುವ ಒಂದು ಮಾತು ಮಾತ್ರ ನಿಮಗೆ ಜಾಸ್ತಿ ಆಯಿತಲ್ಲ!

ಇನ್ನು ನಿಮ್ಮ ‘ಕ್ಯಾಂಡಿ’. ಅದೂ ಅಚ್ಚ ಇಂಗ್ಲಿಷಲ್ಲ. ಸಕ್ಕರೆಯ ಗಟ್ಟಿಗೆ ನಮ್ಮವರು ‘ಖಂಡ’ ಅನ್ನುತ್ತಿದ್ದರು. ಅದು ಪರ್ಶಿಯನ್ನರ ಬಾಯಲ್ಲಿ, ಅರಬ್ಬರ ಬಾಯಲ್ಲಿ ‘ಕಂದ್’ ಆಗಿ, ಫ್ರೆಂಚರನ್ನು ದಾಟಿ, ಇಂಗ್ಲಿಷಿಗೆ ಹೋಗಿ ಕ್ಯಾಂಡಿ ಆಯಿತು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಹೋದವನು ಕೋಟು ಹಾಕಿಕೊಂಡು ವಾಪಸ್ ಬಂದಿದ್ದಾನೆ. ಬರಲಿ, ಕೂರಲಿ. ಆದರೆ ಮನೆಯಲ್ಲಿದ್ದವರನ್ನು ಎಬ್ಬಿಸಿ ಕೂರುವುದು ಬೇಡ.

ಪೆಪ್ಪರ್‌ಮೆಂಟು ಮನೆಯವನೇ. ಶುಂಠಿ ಪೆಪ್ಪರ್‌ಮೆಂಟು, ಜೀರಿಗೆ ಪೆಪ್ಪರ್‌ಮೆಂಟು, ಕಿತ್ತಳೆ ಪೆಪ್ಪರ್‌ಮೆಂಟು. ಪಕ್ಕದ ತೆಲುಗಿನವರೂ ಪಿಪ್ಪರಮೆಂಟು ಅನ್ನುತ್ತಾರೆ. ಇವುಗಳ ಮೇಲೆ ಕಾಗದ ಇರಲಿಲ್ಲ, ಕಾಗದ ಇಲ್ಲದ್ದಕ್ಕೆ ಕಂಪನಿ ಹೆಸರೂ ಇರಲಿಲ್ಲ. ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಗಾಜಿನ ಭರಣಿಗಳು ಸಾಲಾಗಿ ಇರುತ್ತಿದ್ದವು. ನಿಂಬೆಹುಳಿ ಕಿತ್ತಳೆ ತೊಳೆಯ ಆಕಾರದ್ದು, ಮೈಮೇಲೆ ಸಕ್ಕರೆ ಹರಳು. ಮಳೆಗಾಲ ಬಂತೆಂದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಗಡ್ಡೆ. ಶೆಟ್ಟರು ಭರಣಿಯ ತಳಕ್ಕೆ ಅಂಗೈಯಲ್ಲಿ ಎರಡೇಟು ಹಾಕುವರು. ಆಗ ಎರಡರ ಬದಲು ಮೂರು ಬಿದ್ದ ದಿನ ಇದೆಯಲ್ಲ, ಅದು ಹಬ್ಬ. ಶೆಟ್ಟರು ಮೂರನೆಯದನ್ನು ಒಂದು ಗಳಿಗೆ ನೋಡುತ್ತಿದ್ದರು. ನಾವು ಶೆಟ್ಟರ ಮುಖ ನೋಡುತ್ತಿದ್ದೆವು.

ಪಾನ್ ಪಸಂದ್ ಕತೆ ಬೇರೆ. ಮಕ್ಕಳು ಎಲೆ ಅಡಿಕೆ ಹಾಕಿದರೆ ನಾಲಿಗೆ ದಪ್ಪ ಆಗುತ್ತೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದರು. ಅಡಿಕೆ ಇಲ್ಲದೆ, ಸುಣ್ಣ ಇಲ್ಲದೆ, ಬೈಗುಳ ಇಲ್ಲದೆ ವೀಳ್ಯದ ಪರಿಮಳ ಬಾಯಿಗೆ ತಂದದ್ದು ಆ ಪೆಪ್ಪರ್‌ಮೆಂಟು. ಊಟ ಆದ ಮೇಲೆ ಬಾಯಿಗೆ ಪರಿಮಳ ಬೇಕೆನ್ನುವುದು ಈ ನಾಡಿನ ಹಳೇ ಚಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಗ್ರಂಥದಲ್ಲಿ ತಾಂಬೂಲದ ಭೋಗಕ್ಕೆ ಬೇರೆ ಜಾಗವನ್ನೇ ಕೊಟ್ಟ. ಇವತ್ತು ಮಾಲ್‌ನಲ್ಲಿ ‘ಮೌತ್ ಫ್ರೆಶ್ನರ್’ ಡಬ್ಬಿ ನೋಡಿ ಹೊಸದೇನೋ ಬಂತು ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಪಾನ್ ಪಸಂದ್ ಮಾಡುತ್ತಿದ್ದುದು ಮಹಾರಾಷ್ಟ್ರದ ರಾವಳಗಾಂವ್ ಕಂಪನಿ. ಸಕ್ಕರೆ ಕಾರ್ಖಾನೆಯಾಗಿ ಶುರುವಾಗಿ 1942ರಲ್ಲಿ ಪೆಪ್ಪರ್‌ಮೆಂಟಿಗೆ ಇಳಿದವರು. 2024ರಲ್ಲಿ ಹೆಸರು, ಪಾಕದ ಗುಟ್ಟು ಎಲ್ಲ ಸೇರಿಸಿ 27 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಿದರು. ಪಾರ್ಲೆಯವರು 2006ರಲ್ಲಿ ನಿಲ್ಲಿಸಿದ್ದ ರೋಲಾ ಕೋಲಾವನ್ನು ಜನ ಟ್ವಿಟರ್‌ನಲ್ಲಿ ಗಲಾಟೆ ಮಾಡಿದ ಮೇಲೆ 2019ರಲ್ಲಿ ವಾಪಸ್ ತಂದರು. ಸಂತೋಷ. ಆದರೆ ನಿಂಬೆಹುಳಿಗೆ ಯಾರು ಗಲಾಟೆ ಮಾಡುತ್ತಾರೆ? ಟಿವಿಯಲ್ಲಿ ಬಂದದ್ದಕ್ಕೆ ಅಳುವವರಿದ್ದಾರೆ. ಭರಣಿಯಲ್ಲಿದ್ದದ್ದಕ್ಕೆ ಇಲ್ಲ. ನಮ್ಮ ಲೇಖನದಲ್ಲಿ ನಿಮಗೆ ಕಂಡ ಕಣ್ಣೀರು ಆ ಹೆಸರಿಲ್ಲದವುಗಳದ್ದು.

ಕಾರಣವನ್ನೂ ಹೇಳಿಬಿಡುತ್ತೇನೆ. ಭರಣಿಯ ಪೆಪ್ಪರ್‌ಮೆಂಟನ್ನು ಕೊಂದದ್ದು ಮಕ್ಕಳ ನಾಲಿಗೆ ಅಲ್ಲ, ಚಿಲ್ಲರೆ. ಚೌಕದ ಐದು ಪೈಸೆ, ಅಂಚು ಅಲೆಅಲೆಯಾಗಿದ್ದ ಹತ್ತು ಪೈಸೆ, ನಾಲ್ಕಾಣೆ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನು ಸರ್ಕಾರ 2011ರ ಜೂನ್ 30ಕ್ಕೆ ಮುಗಿಸಿತು. ಅಂಗಡಿಯಲ್ಲಿ ಅದಕ್ಕೂ ಎಷ್ಟೋ ಮುಂಚೆಯೇ ಅವು ನಡೆಯುತ್ತಿರಲಿಲ್ಲ. ಆಮೇಲೆ ಚಿಲ್ಲರೆಯ ಬದಲು ಅಂಗಡಿಯವರೇ ಒಂದು ಚಾಕಲೇಟು ಕೈಗೆ ತುರುಕುವ ಕಾಲ ಬಂತು. ಒಮ್ಮೆ ಮೂರು ದಿನ ಕೂಡಿಟ್ಟ ಆರು ಚಾಕಲೇಟನ್ನು ಅದೇ ಅಂಗಡಿಗೆ ಒಯ್ದು ಬೆಂಕಿಪೊಟ್ಟಣ ಕೇಳಿದೆ. ‘ನಾವು ವಾಪಸ್ ತಗೊಳಲ್ಲ ಸಾರ್’ ಅಂದರು. ಅಂದರೆ ಅದು ಅವರು ಕೊಟ್ಟರೆ ದುಡ್ಡು, ನಾನು ಕೊಟ್ಟರೆ ಕಸ!

ಈಗ ಆ ತಂಟೆಯೂ ಇಲ್ಲ. ಎಲ್ಲ ಕಡೆ ಸ್ಕ್ಯಾನ್ ಮಾಡಿ. ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಆರು ವರ್ಷದ ಮಗು ಏನನ್ನು ಸ್ಕ್ಯಾನ್ ಮಾಡಬೇಕು? ನಮ್ಮ ಕಾಲದಲ್ಲಿ ಅಂಗೈ ಬೆವರಿಗೆ ಒದ್ದೆಯಾದ ನಾಣ್ಯ ಹಿಡಿದು ಒಬ್ಬರೇ ಹೋಗಿ, ಕಾಲ್ಬೆರಳ ಮೇಲೆ ನಿಂತು, ಯಾವ ಭರಣಿ ಅಂತ ನಾವೇ ತೋರಿಸುತ್ತಿದ್ದೆವು. ದುಡ್ಡು ಸಾಲದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಈಗ ಅಪ್ಪನ ಫೋನು, ಅಪ್ಪನ ಆಯ್ಕೆ, ಮನೆ ಬಾಗಿಲಿಗೆ ಹತ್ತು ನಿಮಿಷದಲ್ಲಿ ಡಬ್ಬಿ. ಮಗುವಿಗೂ ಅಂಗಡಿಗೂ ನಡುವೆ ಮಾತೇ ಇಲ್ಲ. ಮಾತಿಲ್ಲದ ಕಡೆ ಪೆಪ್ಪರ್‌ಮೆಂಟು ಅನ್ನುವ ಶಬ್ದ ಯಾರ ಬಾಯಲ್ಲಿ ಉಳಿಯಬೇಕು, ನೀವೇ ಹೇಳಿ.

ಹಾಗಾಗಿ ಮುಂದಿನ ಸಂಚಿಕೆಯಲ್ಲೂ ನಾವು ಪೆಪ್ಪರ್‌ಮೆಂಟು ಅಂತಲೇ ಅಚ್ಚು ಹಾಕುತ್ತೇವೆ. ಬೈದು ಇನ್ನೊಂದು ಪತ್ರ ಬರೆಯಿರಿ.

ಅಂದಹಾಗೆ ನಿಮ್ಮ ಪತ್ರದ ಹಿಂದುಗಡೆ, ಸಹಿ ಆದ ಮೇಲೆ, ಪೆನ್ಸಿಲಿನಲ್ಲಿ ಒಂದು ಸಾಲಿದೆ. ಅದನ್ನು ಮೇಲೆ ಅಚ್ಚು ಹಾಕಲಿಲ್ಲ. ‘ನಮ್ಮ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಬಾವುಟ ಹಾರಿಸಿದ ಮೇಲೆ ಕೊಡುತ್ತಿದ್ದ ಪೆಪ್ಪರ್‌ಮೆಂಟು ಈಗ ಎಲ್ಲಾದರೂ ಸಿಗುತ್ತದಾ?’ ಅಂತ ಕೇಳಿದ್ದೀರಿ. ಹುಡುಕಿಸುತ್ತೇನೆ ಮೇಷ್ಟ್ರೇ. ಆದರೆ ಯಾವ ಬಣ್ಣದ್ದು ಅಂತ ಬರೆದೇ ಇಲ್ಲವಲ್ಲ.